ಭಾವನ ಪುಸ್ತಕವೂ ನನ್ನ ಗುಮಾನಿಯೂ

ನಮ್ಮ ಮಲಾಡಿನ ಬಿಲ್ಡಿಂಗಿಗೆ ನೀರಿನ ಟ್ಯಾಂಕರ್ ಬಂದ ದಿನ ಲಿಫ್ಟಿನ ಪಕ್ಕದಲ್ಲಿ ಒಂದು ಸಭೆ ತಾನಾಗಿಯೇ ಸೇರುತ್ತದೆ. ಟ್ಯಾಂಕರಿನ ಪೈಪಿನಿಂದ ಸೋರಿದ ನೀರು ಸಿಮೆಂಟಿನ ಧೂಳಿನ ಮೇಲೆ ಬಿದ್ದು ಏಳುವ ಹಸಿ ವಾಸನೆಯಲ್ಲಿ ನಿಂತು ನಾವೆಲ್ಲ ದೇಶದ ಸಮಸ್ಯೆಗಳನ್ನು ಬಗೆಹರಿಸುತ್ತೇವೆ. ಈ ಭಾನುವಾರವೂ ಹಾಗೆಯೇ ಆಯಿತು. ಮೂರನೆಯ ಮಹಡಿಯ ದೇಸಾಯಿಬಾಯಿ ಬಕೆಟ್ಟನ್ನು ಸೊಂಟಕ್ಕೆ ಒತ್ತಿಕೊಂಡು, "ಪಬ್ಲಿಕ್ ಕಿತನಾ ಬಢ್ ಗಯಾ ಹೈ! ಪಾನೀ ಕಹಾಂ ಸೇ ಆಯೇಗಾ?" ಎಂದರು. ಜನ ಹೆಚ್ಚಾದರು, ನೀರು ಎಲ್ಲಿಂದ ಬರಬೇಕು ಎನ್ನುವ ಆ ಮಾತಿಗೆ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಬೇಕಿತ್ತು. ಆದರೆ ನನ್ನ ಬಾಯಿ ನನ್ನನ್ನು ಕೇಳದೆ, "ಜ್ಯಾದಾ ಕೌನ್ ಹೈ? ಆಪ್ ಯಾ ಮೈ?" ಎಂದುಬಿಟ್ಟಿತು. ಹೆಚ್ಚಾದವರು ಯಾರು, ನೀವೋ ನಾನೋ ಎಂದು.

ದೇಸಾಯಿಬಾಯಿ ನಕ್ಕರು. ನಕ್ಕ ಮೇಲೆ ನನ್ನನ್ನು ಒಂದು ಥರ ನೋಡಿದರು. ಈ ಹೆಂಗಸು ಸೊಸೈಟಿ ಮೀಟಿಂಗಿನಲ್ಲಿ ಏನೋ ತಕರಾರು ತೆಗೆಯುವವಳಿದ್ದಾಳೆ ಎನ್ನುವ ನೋಟ. ಆ ಪ್ರಶ್ನೆ ನನ್ನದಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಅದು ನನ್ನ ಭಾವನದು. ಆತ ತೀರಿಹೋಗಿ ಕೆಲವು ವರ್ಷಗಳಾದವು. ಪ್ರಶ್ನೆ ಮಾತ್ರ ನನ್ನ ನಾಲಿಗೆಯ ಮೇಲೆ ಬಾಡಿಗೆ ಕೊಡದ ಬಾಡಿಗೆದಾರನಂತೆ ಉಳಿದುಕೊಂಡಿದೆ.

ಭಾವ ಎಂದರೆ ನನ್ನ ಅಕ್ಕ ಸುಮತಿಯ ಗಂಡ. ಅರ್ಥಶಾಸ್ತ್ರದ ಪ್ರೊಫೆಸರು. ಆಂಟಾಪ್ ಹಿಲ್ಲಿನ ಒಂದು ಕಾಲನಿಯಲ್ಲಿ, ಬಟ್ಟೆ ಒಣಗಿಸುವ ಹಗ್ಗಗಳ ನಡುವೆ ಆಕಾಶವನ್ನು ಹುಡುಕಬೇಕಾದ ಒಂದು ಫ್ಲ್ಯಾಟಿನಲ್ಲಿ ಅವರ ಸಂಸಾರ. ಆತ ಜೀವಮಾನದಲ್ಲಿ ಬರೆದದ್ದು ಒಂದೇ ಪುಸ್ತಕ. ಇಂಗ್ಲಿಷಿನಲ್ಲಿ ಬರೆದದ್ದು, ಕೆಂಪು ರಟ್ಟಿನದು, ತಲೆದಿಂಬಿನಷ್ಟು ದಪ್ಪ. ಜನಸಂಖ್ಯೆಯ ಬಗ್ಗೆ ಬೇರೆ ಬೇರೆ ಕಾಲದ ಅರ್ಥಶಾಸ್ತ್ರಜ್ಞರು ಏನೇನು ಯೋಚಿಸಿದರು, ಯಾಕೆ ಹಾಗೆ ಯೋಚಿಸಿದರು ಎನ್ನುವುದು ಅದರ ವಿಷಯ. ನಮ್ಮ ಬಳಗದಲ್ಲಿ ಆ ಪುಸ್ತಕವನ್ನು ಓದಿದವರು ಯಾರೂ ಇರಲಿಲ್ಲ. ಆದರೆ ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದವರೂ ಯಾರೂ ಇರಲಿಲ್ಲ. ರಟ್ಟಿನ ಮೇಲೆ ಜನಸಂಖ್ಯೆ ಎಂದಿದೆ ಅಂದಮೇಲೆ ಒಳಗೆ ಇನ್ನೇನಿರುತ್ತದೆ? ಜನ ಜಾಸ್ತಿಯಾದರು, ಮಕ್ಕಳು ಬೇಡ, ಅಷ್ಟೇ.

ಭಾವನಿಗೆ ಅನುಮಾನ ಪಡುವುದು ಉಸಿರಾಡಿದಷ್ಟೇ ಸಹಜವಾಗಿತ್ತು. ಯಾರು ಏನೇ ಹೇಳಲಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಈ ಮಾತಿನಿಂದ ಹೇಳಿದವನಿಗೆ ಏನು ಸಿಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ತರಕಾರಿಯವನು "ಏಕದಮ್ ತಾಜಾ" ಎಂದರೆ ಸೊಪ್ಪನ್ನು ಬಿಟ್ಟು ಅವನ ಮುಖ ನೋಡುತ್ತಿದ್ದರು. ಒಮ್ಮೆ ನಾನು ಊಟ ಮಾಡುತ್ತ, "ಅಕ್ಕನ ಸಾರು ಇವತ್ತು ಬಹಳ ಚೆನ್ನಾಗಿದೆ" ಎಂದೆ. ಭಾವ ನನ್ನ ತಟ್ಟೆಯ ಕಡೆ ಕಣ್ಣು ಹಾಯಿಸಿ, "ಸುಮತಿ, ಇವಳಿಗೆ ಇನ್ನೊಂದು ಸೌಟು ಬಡಿಸು" ಎಂದರು. ನನಗೆ ಬೇಕಾಗಿದ್ದದ್ದೂ ಅದೇ ಆದ್ದರಿಂದ ಸುಮ್ಮನಾದೆ.

ಅವರ ತಾಯಿ ಸೀತಮ್ಮನವರಿಗೂ ಅನುಮಾನದಲ್ಲಿ ಅಷ್ಟೇ ಪರಿಣತಿ. ಆದರೆ ಅವರ ಗುಮಾನಿಯೆಲ್ಲ ಆ ಪುಸ್ತಕದ ಮೇಲೆ. ನಂಜನಗೂಡಿನ ಕಡೆಯಿಂದ ಮಗನ ಜೊತೆ ಇರಲು ಬಂದಿದ್ದ ಅವರು ಮುಂಬಯಿಯ ಸೆಕೆಯನ್ನು ಸಹಿಸಿಕೊಂಡರು, ಲೋಕಲ್ ರೈಲಿನ ನೂಕುನುಗ್ಗಲನ್ನು ಸಹಿಸಿಕೊಂಡರು, ಆ ಕೆಂಪು ರಟ್ಟನ್ನು ಮಾತ್ರ ಕೊನೆಯವರೆಗೂ ಸಹಿಸಿಕೊಳ್ಳಲಿಲ್ಲ. ಬಳಗದಲ್ಲಿ ಹೊಸದಾಗಿ ಮದುವೆಯಾದವರು ನಮಸ್ಕಾರಕ್ಕೆಂದು ಬಂದರೆ, ಆ ಪುಸ್ತಕವಿದ್ದ ಕೋಣೆಯ ಬಾಗಿಲನ್ನು ಮುಚ್ಚಿ ಅಡುಗೆಮನೆಯಲ್ಲಿ ಕೂರಿಸುತ್ತಿದ್ದರು. ನನಗಿನ್ನೂ ಮದುವೆಯಾಗದ ಕಾಲ. ಒಮ್ಮೆ ಅದನ್ನು ಎತ್ತಿ ನೋಡಲು ಹೋದೆ. ಸೀತಮ್ಮನವರು ಓಡಿ ಬಂದು, "ಮುಟ್ಟಬೇಡ ಕಣಮ್ಮ! ನಾಳೆ ಮದುವೆಯಾಗಿ ನಾಲ್ಕು ಮಕ್ಕಳನ್ನ ಹೆರಬೇಕಾದವಳು ನೀನು" ಎಂದು ಕಿತ್ತುಕೊಂಡರು. ಹಾವನ್ನು ಹಿಡಿದಂತೆ ತುದಿಬೆರಳಲ್ಲಿ ಹಿಡಿದು ಅದನ್ನು ಬೀರುವಿನ ಮೇಲಿಟ್ಟರು. ನನಗೆ ಹುಟ್ಟಿದ್ದು ಒಬ್ಬಳೇ ಮಗಳು. ಆ ದಿನದ ಸ್ಪರ್ಶವೇ ಕಾರಣವೆಂದು ಅವರು ನಂಬಿದ್ದರೆ ಆಶ್ಚರ್ಯವಿಲ್ಲ.

ಸೀತಮ್ಮನವರಿಗೆ ಅಷ್ಟು ಸಿಟ್ಟು ಬರಲು ಕಾರಣವಿತ್ತು. ಅಕ್ಕನಿಗೂ ಭಾವನಿಗೂ ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಮೊದಲು ಹರಕೆಗಳು, ಆಮೇಲೆ ಲೇಹ್ಯಗಳು, ಆಮೇಲೆ ಅಕ್ಕನನ್ನು ಓರೆಗಣ್ಣಿಂದ ನೋಡುವುದು. ಅಕ್ಕ ಕುಂಕುಮಕ್ಕೆ ಹೋದ ಮನೆಗಳಲ್ಲಿ ಕೆಲವರು ಅವಳ ಮಡಿಲಿಗೆ ಕೂಸನ್ನು ಕೊಡಲು ಹಿಂಜರಿಯುತ್ತಿದ್ದರು. ಆ ಹಿಂಜರಿಕೆಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಡೆಗೆ ಒಂದು ಸತ್ಯನಾರಾಯಣ ಪೂಜೆಯ ದಿನ ಬಳಗವೆಲ್ಲ ಆಂಟಾಪ್ ಹಿಲ್ಲಿನ ಆ ಪುಟ್ಟ ಹಾಲಿನಲ್ಲಿ ಸೇರಿದ್ದಾಗ, ಭಾವನ ಸೋದರತ್ತೆಯೊಬ್ಬರು ಎಲ್ಲರಿಗೂ ಕೇಳುವಂತೆ, "ಹುಡುಗೀನ ಸ್ವಲ್ಪ ದಿನ ತೌರಿಗೆ ಕಳಿಸಿ. ಆಮೇಲೆ ಮುಂದಿನ ಯೋಚನೆ ಮಾಡಬಹುದು" ಎಂದರು. ಮುಂದಿನ ಯೋಚನೆ ಎಂದರೇನೆಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅಕ್ಕ ಬಾಳೆಲೆ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ.

ನಾನು ಪ್ರಸಾದದ ತಟ್ಟೆ ಹಿಡಿದು ನಿಂತಿದ್ದೆ. ಭಾವ ಎದ್ದು ನಿಂತರು. ಆತ ಮನೆಯಲ್ಲಿ ದನಿ ಏರಿಸಿ ಮಾತಾಡಿದ್ದನ್ನು ಅದಕ್ಕೆ ಮೊದಲು ಕೇಳಿದ್ದಿಲ್ಲ.

"ಮಕ್ಕಳು ಬೇಡ ಅಂತ ತೀರ್ಮಾನ ಮಾಡಿದವನು ನಾನು. ಸುಮತಿಯನ್ನ ಯಾರೂ ಏನೂ ಕೇಳಬೇಡಿ. ದೇಶದಲ್ಲಿ ಜನ ಜಾಸ್ತಿಯಾಗಿದ್ದಾರೆ. ಅದನ್ನೇ ಓದಿದವನು ನಾನು, ನನಗೆ ಗೊತ್ತು."

ಸೀತಮ್ಮನವರು ಮಗನ ಮುಖವನ್ನು ನೋಡಿದರು, ಕೋಣೆಯ ಬೀರುವಿನ ಕಡೆ ನೋಡಿದರು, ಒಳಗೆ ಹೋದರು. ಅವತ್ತಿನಿಂದ ಅವರು ಮಗನ ಜೊತೆ ನೇರವಾಗಿ ಮಾತಾಡಲಿಲ್ಲ. ಆತ ಎದುರಿಗೇ ಕೂತಿದ್ದರೂ, "ಸುಮತಿ, ನಿನ್ನ ಗಂಡನಿಗೆ ಹೇಳು, ಅನ್ನ ಆರಿಹೋಗ್ತಿದೆ" ಎನ್ನುತ್ತಿದ್ದರು. ಸಿಟ್ಟು ಮಗನ ಮೇಲೆ ತಿರುಗಿದ್ದರಿಂದ ಸೊಸೆಯ ಮೇಲೆ ಒಂದು ಬಗೆಯ ಮರುಕ ಹುಟ್ಟಿತು. ಪಾಪ, ಪುಸ್ತಕದ ಹುಳುವನ್ನು ಕಟ್ಟಿಕೊಂಡ ಹುಡುಗಿ ಎಂದು ಬಳಗವೂ ಅಕ್ಕನ ಪಕ್ಷ ವಹಿಸಿತು. ಕುಂಕುಮಕ್ಕೆ ಹೋದಲ್ಲಿ ಕೂಸುಗಳು ಮತ್ತೆ ಅವಳ ಮಡಿಲಿಗೆ ಬಂದವು. ಇದನ್ನೆಲ್ಲ ನೋಡಿಯೂ ನನಗೆ ಆಗ ಏನೂ ಹೊಳೆಯಲಿಲ್ಲ. ಭಾವನದು ಕಲ್ಲೆದೆ ಎಂದು ನಾನೂ ನಂಬಿದ್ದೆ.

ಸೀತಮ್ಮನವರು ಹೋಗಿ ಬಹಳ ಕಾಲದ ಮೇಲೆ, ಭಾವನಿಗೆ ನಿವೃತ್ತಿಯೂ ಆದ ನಂತರ, ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆ ಹೊತ್ತಿಗೇ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸುವ ಮಾತು ಬಂದಿತ್ತು. ಓದಿ ಹೇಳುವವರು ಬೇಕು. ಸ್ಕೂಲಿಗೆ ಬೇಸಿಗೆ ರಜ ಇದ್ದ ಟೀಚರಾದ ನಾನು ಸಿಕ್ಕಿಬಿದ್ದೆ. ಮಲಾಡಿನಿಂದ ದಾದರಿನವರೆಗೆ ಲೋಕಲ್, ಅಲ್ಲಿಂದ ಬಸ್ಸು. ಆ ಕೆಂಪು ರಟ್ಟನ್ನು ಕೊನೆಗೂ ಕೈಯಲ್ಲಿ ಹಿಡಿದಾಗ ಸೀತಮ್ಮನವರು ಹಿಂದಿನಿಂದ ಓಡಿ ಬರುತ್ತಾರೇನೋ ಎಂದು ಒಮ್ಮೆ ತಿರುಗಿ ನೋಡಿದ್ದು ನಿಜ.

ಮೊದಮೊದಲು ನಿದ್ದೆ ತಡೆಯುವುದೇ ದೊಡ್ಡ ಕೆಲಸವಾಗಿತ್ತು. ನಾನು ಆಕಳಿಸಿದರೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಕೂತ ಭಾವ, "ಅಲ್ಪವಿರಾಮ ಬಿಟ್ಟೆ" ಎನ್ನುತ್ತಿದ್ದರು. ಬರಬರುತ್ತ ಆಕಳಿಕೆ ನಿಂತಿತು. ಅದು ಪತ್ತೇದಾರಿ ಕಥೆಯ ಹಾಗೆ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ರಾಜರಿಗೆ ಸೈನಿಕರು ಬೇಕಿದ್ದ ಕಾಲದಲ್ಲಿ ಪಂಡಿತರು ಜನರೇ ದೇಶದ ಸಂಪತ್ತು ಎಂದರಂತೆ. ಕೆಲಸಗಾರರು ಕೂಲಿ ಹೆಚ್ಚು ಕೇಳತೊಡಗಿದ ಕಾಲದಲ್ಲಿ ಅದೇ ಪಂಡಿತರ ಮೊಮ್ಮಕ್ಕಳು, ಬಡವರು ಬಡವರಾಗಿರುವುದು ಮಕ್ಕಳನ್ನು ಹೆರುವುದರಿಂದ ಎಂದರಂತೆ. ಪ್ರತಿ ಅಧ್ಯಾಯದಲ್ಲೂ ಭಾವ ಒಬ್ಬೊಬ್ಬ ದೊಡ್ಡ ವಿದ್ವಾಂಸನನ್ನು ನಿಲ್ಲಿಸಿ ಎರಡೇ ಪ್ರಶ್ನೆ ಕೇಳುತ್ತಿದ್ದರು: ಈತನ ಅನ್ನ ಎಲ್ಲಿಂದ ಬರುತ್ತಿತ್ತು? ಈ ಮಾತಿನಿಂದ ಯಾರಿಗೆ ಅನುಕೂಲವಾಯಿತು? ಜನ ಹೆಚ್ಚಾದರು ಎಂದವರಲ್ಲಿ ಒಬ್ಬನೂ, ಹೆಚ್ಚಾದವನು ನಾನು ಎಂದು ಹೇಳಿದ್ದಿಲ್ಲ ಎಂದು ಬರೆದಿದ್ದರು. ಹೆಚ್ಚಾದವರು ಯಾವಾಗಲೂ ಇನ್ನೊಬ್ಬರು. ಸಾಮಾನ್ಯವಾಗಿ ಇನ್ನೊಬ್ಬಳು, ಬಸುರಿ.

ಆ ದಿನಗಳಲ್ಲೇ ಒಮ್ಮೆ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ ಲೋಕಲ್ಲಿನಲ್ಲಿ ವಾಪಸು ಕರೆತರುತ್ತಿದ್ದೆ. ಬೋಗಿ ಕಿಕ್ಕಿರಿದಿತ್ತು. ಬಾಗಿಲ ಬಳಿ ಒಬ್ಬ, ಊರಿನಲ್ಲಿ ಅರ್ಧ ಜನ ಹೆಚ್ಚಿಗೆ ಇದ್ದಾರೆ ಎನ್ನುವಂತೆ, "ಇತನೀ ಪಬ್ಲಿಕ್! ಮುಂಬಯಿ ಮೇ ಆಧೇ ಲೋಗ್ ಜ್ಯಾದಾ ಹೈ" ಎಂದು ಗೊಣಗಿದ. ಭಾವ ಕಪ್ಪು ಕನ್ನಡಕದ ಮುಖವನ್ನು ಅವನ ಕಡೆ ತಿರುಗಿಸಿ ಬಹಳ ವಿನಯದಿಂದ, "ಜ್ಯಾದಾ ಕೌನ್ ಹೈ ಭಾಯಿಸಾಬ್? ಆಪ್ ಯಾ ಮೈ?" ಎಂದರು. ಆತ ಒಂದು ಗಳಿಗೆ ಯೋಚಿಸಿ, "ಚಾಚಾ, ಆಪ್ ಅಗಲೇ ಸ್ಟೇಷನ್ ಪೇ ಉತರ್ ಜಾವೋ" ಎಂದ. ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡಿ ಎನ್ನುವ ಆ ಉತ್ತರಕ್ಕೆ ಬೋಗಿಗೆ ಬೋಗಿಯೇ ನಕ್ಕಿತು. ಭಾವನೂ ನಕ್ಕರು.

ನಾನು ನಗಲಿಲ್ಲ. ನನ್ನೊಳಗೆ ಗುಮಾನಿಯ ಮುಳ್ಳೊಂದು ಆಗಲೇ ನೆಟ್ಟಿತ್ತು. ಪೂಜೆಯ ದಿನ ಬಳಗದ ಮುಂದೆ ಎದ್ದು ನಿಂತು ಜನ ಜಾಸ್ತಿಯಾಗಿದ್ದಾರೆ ಎಂದ ಮನುಷ್ಯ ಈತನೇ. ಆ ಮಾತು ಹೇಳಿದವರನ್ನೆಲ್ಲ ಅಧ್ಯಾಯಕ್ಕೊಬ್ಬರಂತೆ ಹಿಡಿದು ನಿಲ್ಲಿಸಿದ ಮನುಷ್ಯನೂ ಈತನೇ. ಪುಸ್ತಕವಾದರೂ ಪೂಜೆಗೆ ಮೊದಲೇ ಅಚ್ಚಾಗಿದ್ದದ್ದು. ಅಂದಮೇಲೆ ಮನಸ್ಸು ಆಮೇಲೆ ಬದಲಾಯಿತು ಎನ್ನುವಂತಿಲ್ಲ. ಎರಡರಲ್ಲಿ ಒಂದು ಸುಳ್ಳು. ಪುಸ್ತಕ ಸುಳ್ಳಾದರೆ ಈತ ಕಪಟಿ. ಪೂಜೆಯ ದಿನದ ಮಾತು ಸುಳ್ಳಾದರೆ?

ಅವರೇ ಕಲಿಸಿದ ಪ್ರಶ್ನೆಯನ್ನು ಅವರ ಮೇಲೇ ಹಾಕಿ ನೋಡಿದೆ. ಆ ಮಾತಿನಿಂದ ಯಾರಿಗೆ ಅನುಕೂಲವಾಯಿತು? ಭಾವನಿಗಂತೂ ಏನೂ ಆಗಲಿಲ್ಲ. ತಾಯಿಯ ಮಾತು ಹೋಯಿತು, ಬಳಗದಲ್ಲಿ ಕಲ್ಲೆದೆಯವನೆಂಬ ಹೆಸರು ಬಂತು. ಅನುಕೂಲವಾದದ್ದು ಬಾಳೆಲೆ ಒರೆಸುತ್ತ ತಲೆ ಬಗ್ಗಿಸಿ ಕೂತಿದ್ದವಳಿಗೆ.

ಮರುದಿನ ಓದುವುದನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದೆ. "ಭಾವ, ಇದರಲ್ಲಿ ಬರೆದಿರೋದು ಒಂದು, ನೀವು ಅವತ್ತು ಪೂಜೇಲಿ ಹೇಳಿದ್ದು ಇನ್ನೊಂದು. ಯಾವುದು ನಿಜ?"

ಕಪ್ಪು ಕನ್ನಡಕದ ಹಿಂದೆ ಏನಾಯಿತೋ ಕಾಣಲಿಲ್ಲ. "ಎಲ್ಲಿವರೆಗೆ ಬಂದಿದ್ದೆವು?" ಎಂದರು.

"ನಾನು ಕೇಳಿದ್ದು ಅದಲ್ಲ."

"ಮುಂದೆ ಓದಮ್ಮ. ಅಚ್ಚಿನವರು ಅವಸರ ಮಾಡ್ತಿದ್ದಾರೆ."

ಅಚ್ಚಿನವರು ಅವಸರ ಮಾಡಿದ್ದನ್ನು ಪ್ರಪಂಚದಲ್ಲಿ ಯಾರೂ ಕಂಡಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸಂಜೆ ನಾನು ಹೊರಟಾಗ, ಎಂದೂ ಬಾರದವಳು ಬಸ್ ಸ್ಟಾಪಿನವರೆಗೂ ಬಂದಳು. ಬಂದ ಬಸ್ಸನ್ನು ಹತ್ತಲು ಬಿಡಲಿಲ್ಲ.

"ಪೂಜೆಗೆ ಸ್ವಲ್ಪ ದಿನ ಮುಂಚೆ ನಾವಿಬ್ಬರೂ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿದ್ವಿ" ಎಂದಳು. "ಇಬ್ಬರೂ ಬನ್ನಿ, ಕಾರಣ ಗೊತ್ತಾಗಿದೆ, ಹೇಳ್ತೀನಿ ಅಂತ ಅವರು ಕರೆದರು. ಹೊರಟ್ವಿ. ಮಾಟುಂಗಾದಲ್ಲಿ ಇವರು ನನ್ನ ಕೈ ಹಿಡಕೊಂಡು ಬಸ್ಸಿಂದ ಇಳಿದುಬಿಟ್ರು. ಹೋಟೆಲಲ್ಲಿ ಕೂತು ದೋಸೆ ಹೇಳಿದ್ರು. 'ಕೇಳೋದು ಬೇಡ ಸುಮತಿ. ಕೇಳಿದ್ರೆ ಇಬ್ಬರಲ್ಲಿ ಒಬ್ಬರು ಜೀವನ ಪೂರ್ತಿ ಅಪರಾಧಿ ಆಗ್ತೀವಿ, ಇನ್ನೊಬ್ಬರು ದೊಡ್ಡ ಮನಸ್ಸಿನವರಾಗ್ತೀವಿ. ಎರಡೂ ಬೇಡ' ಅಂದ್ರು. ದೋಸೆ ತಿಂದು ವಾಪಸು ಬಂದ್ವಿ ಕಣೇ."

"ಅದಕ್ಕೇ ಪೂಜೇಲಿ..."

"ಹೂಂ. ನಮ್ಮವರು ಯಾರೂ ಆ ಪುಸ್ತಕ ಓದದೆ ಇದ್ದದ್ದು ಒಳ್ಳೇದೇ ಆಯ್ತು. ಓದಿದ್ದಿದ್ರೆ ಇವರು ಅವತ್ತೇ ಸಿಕ್ಕಿಬೀಳ್ತಿದ್ರು" ಎಂದು ಅಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅತ್ತೆ ಆಸ್ಪತ್ರೇಲಿದ್ದಾಗ ನಾನೇ ಕೈ ಮುಗಿದೆ, ಈಗಲಾದರೂ ಅಮ್ಮನಿಗೆ ನಿಜ ಹೇಳಿಬಿಡಿ, ಒಂದು ಸಲ ನಿಮ್ಮನ್ನ ಮಾತಾಡಿಸಲಿ ಅಂತ. ಒಪ್ಪಲಿಲ್ಲ. 'ಹೇಳಿದ್ರೆ ಅಮ್ಮನ ಕಣ್ಣು ನಿನ್ನ ಕಡೆ ತಿರುಗುತ್ತೆ. ಕೊನೇ ನೋಟ ಅದಾಗೋದು ಬೇಡ' ಅಂದ್ರು. ಮಂಚದ ಪಕ್ಕ ಕಾಲು ಒತ್ತುತ್ತಾ ಕೂತಿದ್ರು. ಅತ್ತೆ ಗೋಡೆ ಕಡೆ ಮುಖ ಮಾಡಿದವರು ತಿರುಗಲೇ ಇಲ್ಲ."

ಆಮೇಲೆ ಬಂದ ಬಸ್ಸನ್ನು ನಾನು ಹತ್ತಿದೆ. ಆ ಬೇಸಿಗೆಯಲ್ಲಿ ಪುಸ್ತಕ ಮುಗಿಯುವವರೆಗೂ ಅಲ್ಪವಿರಾಮ ಬಿಡದೆ ಓದಿದೆ. ಭಾವ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಅವರ ಶಿಷ್ಯೆಯಾದ ಮೇಲೆ ಗುಮಾನಿ ಅಷ್ಟಕ್ಕೇ ಬಿಡುತ್ತದೆಯೇ? ಒಂದು ಅಡಿಟಿಪ್ಪಣಿಯನ್ನು ನನ್ನಿಂದ ಮೇಲಿಂದ ಮೇಲೆ ಓದಿಸಿ ಪರೀಕ್ಷಿಸುತ್ತಿದ್ದ ಮನುಷ್ಯ, ಕಾರಣ ಹುಡುಕುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ, ಗೊತ್ತಾಗಿದೆ ಬನ್ನಿ ಎಂದು ಡಾಕ್ಟರೇ ಕರೆದ ಮೇಲೂ ಕೇಳದೆ ಬಿಟ್ಟರೇ? ಈ ಪ್ರಶ್ನೆ ವರ್ಷಗಟ್ಟಲೆ ನನ್ನನ್ನು ಕೊರೆದಿದೆ. ಅಕ್ಕ ಈಗ ಬೊರಿವಲಿಯಲ್ಲಿ, ನನಗೆ ಹತ್ತಿರವಾಗಲಿ ಎಂದು ಬಂದು ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದಾಳೆ. ಟ್ಯಾಂಕರು ಬಂದ ಆ ಭಾನುವಾರವೇ ಮಧ್ಯಾಹ್ನ ಲೋಕಲ್ ಹಿಡಿದು ಅಲ್ಲಿಗೆ ಹೋದೆ.

ಹೋಗಲು ಇನ್ನೊಂದು ಕಾರಣವೂ ಇತ್ತು, ಅದನ್ನೂ ನಿಮಗೆ ಹೇಳಬೇಕು. ನನ್ನ ಮಗಳು ಅನಘಾ ಮದುವೆಯಾಗಿ ಠಾಣೆಯಲ್ಲಿದ್ದಾಳೆ. ಅಳಿಯನ ಮನೆಯವರು ಧಾರವಾಡದ ಕಡೆಯವರು. ಕೆಲವು ತಿಂಗಳುಗಳಿಂದ ಬೀಗಿತ್ತಿ ಫೋನು ಮಾಡಿದಾಗಲೆಲ್ಲ ಮಾತು ಒಂದೇ ಕಡೆ, ಮೊಮ್ಮಕ್ಕಳ ಕಡೆ, ಬಂದು ನಿಲ್ಲುತ್ತಿತ್ತು. ಅನಘಾಳನ್ನು ಕೇಳಿದರೆ, "ಮಮ್ಮಾ, ನಾವು ಡಿಸೈಡ್ ಮಾಡಿದ್ದೀವಿ, ಅಭೀ ನಹೀಂ, ಈಗಲ್ಲ. ಪ್ಲೀಸ್, ಈ ಟಾಪಿಕ್ ಬೇಡ" ಎನ್ನುತ್ತಾಳೆ. ಹಾಗೆನ್ನುವಾಗ ಅವಳ ದನಿ ಸ್ವಲ್ಪ ಜಾಸ್ತಿಯೇ ಹಗುರವಾಗಿರುತ್ತದೆ. ಅದು ತೀರ್ಮಾನವೋ, ತೀರ್ಮಾನದ ಹೆಸರಿನಲ್ಲಿ ಇನ್ನೇನೋ? ಅಳಿಯನದೋ, ಇವಳದೋ? ಮಗಳ ಮಾತಿನಲ್ಲೂ ಅಲ್ಪವಿರಾಮ ಹುಡುಕುವ ತಾಯಿ ನಾನಾಗಿದ್ದೆ. ಅವಳನ್ನು ಎದುರಿಗೆ ಕೂರಿಸಿಕೊಂಡು ಬಿಡದೆ ಕೇಳಿಬಿಡುವುದೆಂದು ನಿಶ್ಚಯಿಸಿದ್ದೆ.

ಅಕ್ಕ ಅವರೆಕಾಳು ಹಿತಕುತ್ತಿದ್ದಳು. ನಾನೂ ಕೈ ಹಾಕಿದೆ. ಮಗಳ ವಿಷಯವನ್ನೆಲ್ಲ ಹೇಳಿಕೊಂಡೆ. ಆಮೇಲೆ ಹಳೆಯದನ್ನೂ ಕೇಳಿದೆ.

"ಅಕ್ಕ, ಭಾವ ನಿಜವಾಗಲೂ ಆಮೇಲೆ ಹೋಗಲಿಲ್ಲವಾ? ಒಬ್ಬರೇ ಹೋಗಿ ಡಾಕ್ಟರನ್ನ ಕೇಳಿಕೊಂಡು ಬಂದಿರಬಹುದು ಅಂತ ನಿನಗೆ ಅನ್ನಿಸಲಿಲ್ಲವಾ?"

ಅಕ್ಕ ಕಾಳಿನಿಂದ ಕಣ್ಣು ತೆಗೆಯಲಿಲ್ಲ. "ಹೋಗಿದ್ರು ಅಂತಲೇ ನನಗೆ ಅನುಮಾನ. ಒಂದು ಸಂಜೆ ಬಹಳ ತಡವಾಗಿ ಬಂದರು. ಬಂದವರು ನನಗೆ ಕಾಫಿ ಮಾಡಿಕೊಟ್ಟರು. ಎಂದೂ ಮಾಡಿದವರಲ್ಲ."

"ನೀನು ಕೇಳಲಿಲ್ಲವಾ?"

"ಹೇಗೆ ಕೇಳಲಿ? ನಾನು ಹೋಗಿ ಕೇಳಿಕೊಂಡು ಬಂದಿದ್ದೀನಿ ಅಂತ ಅವರಿಗೂ ನನ್ನ ಮೇಲೆ ಅನುಮಾನ ಇತ್ತು."

ನನ್ನ ಕೈ ನಿಂತಿತು. "ಹೋಗಿದ್ದೆಯಾ?"

ಅಕ್ಕ ಆಗ ತಲೆ ಎತ್ತಿದಳು. ವಯಸ್ಸಾದ ಆ ಮುಖದಲ್ಲಿ, ಸಿಹಿ ಕದ್ದು ತಿಂದು ಬಾಯಿ ಒರೆಸಿಕೊಂಡ ಹುಡುಗಿಯ ನಗು. "ಸಿಪ್ಪೆ ಎಲ್ಲಾ ಕಾಳಿಗೆ ಹಾಕ್ತಿದ್ದೀಯ ನೋಡು" ಎಂದು ನನ್ನ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡಳು.

ಅಷ್ಟು ವರ್ಷ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಅನುಮಾನವನ್ನು ಎದುರುಬದುರು ಇಟ್ಟುಕೊಂಡು, ಇನ್ನೊಬ್ಬರು ತನ್ನನ್ನು ಕಾಪಾಡುತ್ತಿದ್ದಾರೆ ಎಂದು ತಿಳಿದು ಬಾಳಿದ್ದಾರೆ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಬೀಗಿತ್ತಿ.

"ಏನ್ರೀ ಬೀಗರ, ಆರಾಮ ಅದೀರೇನು? ಮತ್ತ ಅದ ಮಾತ್ರೀ. ನಿಮ್ಮ ಮಗಳು ಏನಂತಾಳ? ಮದವಿ ಆಗಿ ಇಷ್ಟ ವರ್ಷ ಆತು. ಡಾಕ್ಟರಿಗೆ ತೋರಿಸ್ಕೋ ಅಂದ್ರ ಸುಮ್ಮನ ನಗತಾಳ. ಏನರೆ ತೊಂದರೆ ಅದ ಏನ್ರೀ ಆಕಿಗೆ? ತಾಯಿ ಮುಂದ ಹೇಳಿರತಾಳ. ನನ್ನ ಮುಂದ ಮುಚ್ಚಿಡಬ್ಯಾಡ್ರಿ."

ಅಕ್ಕ ಕಾಳು ಹಿತಕುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು.

"ಅವಳದೇನೂ ಇಲ್ಲಾ ಬೀಗರೇ" ಎಂದೆ. "ಅದು ನನ್ನ ಮಾತು. ನಾನೇ ಬೇಡ ಅಂದಿದ್ದೀನಿ. ಮೊದಲು ಕೆಲಸದಲ್ಲಿ ನೆಲೆ ನಿಂತುಕೋ, ಆಮೇಲೆ ನೋಡೋಣ ಅಂತ ಅವಳ ಕೈಲಿ ಆಣೆ ಹಾಕಿಸಿದ್ದೀನಿ. ನಿಮ್ಮ ಮಗನೂ ನನ್ನ ಮಾತಿಗೆ ಕಟ್ಟುಬಿದ್ದಿದ್ದಾನೆ. ಬೈಯೋದಾದರೆ ನನ್ನನ್ನ ಬೈಯಿರಿ."

"ನೀವ... ತಾಯಿ ಆಗಿ?" ಎಂದರು ಬೀಗಿತ್ತಿ. ಆ ದನಿಯಲ್ಲಿದ್ದದ್ದನ್ನು ಹೇಗೆ ವರ್ಣಿಸಲಿ? ನನ್ನನ್ನು ತುದಿಬೆರಳಲ್ಲಿ ಎತ್ತಿ ದೂರ ಇಟ್ಟ ಹಾಗಿತ್ತು. ಫೋನು ಕಟ್ಟಾಯಿತು.

ಇನ್ನು ಆ ಮನೆಯಲ್ಲಿ ನನಗೆ ಒಂದು ಲೋಟ ನೀರು ಕೊಡುವಾಗಲೂ ಮುಖ ಗಂಟಿಕ್ಕುತ್ತಾರೆ. ಹಬ್ಬಕ್ಕೆ ಕರೆಯಲಿಕ್ಕಿಲ್ಲ. ಆದರೆ ಇನ್ನು ಮೇಲೆ ಬೀಗಿತ್ತಿ ಅನಘಾಳ ನಗುವನ್ನು ತಡಕಿ ನೋಡುವುದಿಲ್ಲ. ಅದರ ಹಿಂದೆ ಏನಿದೆಯೋ ನನಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಹಟ ನನಗೇ ತಿಳಿಯದಂತೆ ಕೈಬಿಟ್ಟಿತ್ತು. ಅಕ್ಕ ಎದ್ದು ಒಲೆಯ ಮೇಲೆ ಕಾಫಿಗೆ ನೀರಿಟ್ಟಳು.

ಕಾಫಿ ಆರುವ ಮೊದಲೇ ಮತ್ತೆ ಫೋನು ಬಂತು. ಅನಘಾ.

"ಮಮ್ಮಾ, ನೀನು ಸಾಸೂಮಾಗೆ ಏನು ಹೇಳಿದೆ? ನಾನು ಯಾವಾಗ ಪ್ರಾಮಿಸ್ ಮಾಡಿದೆ ನಿನಗೆ? ವೈ ವುಡ್ ಯೂ ಸೇ ದ್ಯಾಟ್?"

"ಹಾಗೇ ಹೇಳಿದೆ" ಎಂದೆ.

"ಬಟ್ ವೈ?" ದನಿಯಲ್ಲಿ ಗುಮಾನಿ ತುಂಬಿತ್ತು. ನನ್ನ ಮಗಳೇ ತಾನೆ.

ನಾನು ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟೆ. ಆಚೆಯಿಂದ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ, ಅವಳು ಯಾವಾಗಲೂ ತಡವರಿಸುವ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು, "ಮಮ್ಮಾ... ನಾನು ನಾಳೆ... ನಿನ್ನ ಹತ್ತಿರ ಬರಲಾ? ನಾನು ಒಬ್ಬಳೇ" ಎಂದಳು.

"ಬಾ" ಎಂದೆ. "ಊಟಕ್ಕೇ ಬಾ. ನಾನು ಏನೂ ಕೇಳೋದಿಲ್ಲ."